ಗೋಡೆಯ ಸಾಕೆಟ್‌ಗೆ ಕೇಬಲ್ ಸಿಕ್ಕಿಸಿದಾಗ: ಡೈರೆಕ್ಟರಿ ಸೇವೆಯ ಮೇಲೆ ಜಾಲ ಕಟ್ಟುವ ಸಮಗ್ರ ಮಾರ್ಗದರ್ಶಿ

ಲೆಕ್ಕಪತ್ರ ವಿಭಾಗದ ರಮ್ಯಾ ಲ್ಯಾಪ್‌ಟಾಪ್ ಎತ್ತಿಕೊಂಡು ಬೇರೊಂದು ಮಹಡಿಯ ಸಭಾಕೋಣೆಗೆ ಹೋಗುತ್ತಾರೆ. ಗೋಡೆಯ ಸಾಕೆಟ್‌ಗೆ ಕೇಬಲ್ ಸಿಕ್ಕಿಸುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಅವರಿಗೆ ತಮ್ಮ ವಿಭಾಗದ ಜಾಲವೇ ಸಿಗುತ್ತದೆ. ತಮ್ಮ ಫೋಲ್ಡರ್‌ಗಳು, ತಮ್ಮ ತಂತ್ರಾಂಶ ಎಲ್ಲವೂ ತೆರೆದುಕೊಳ್ಳುತ್ತವೆ. ಅವರು ಎದ್ದು ಹೋದ ಮೇಲೆ ಹೊರಗಿನ ಅತಿಥಿಯೊಬ್ಬರು ಅದೇ ಕೇಬಲನ್ನು ತಮ್ಮ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿಕೊಂಡರೆ ಇಂಟರ್ನೆಟ್ ಮಾತ್ರ ಸಿಗುತ್ತದೆ, ಒಳಗಿನ ಒಂದು ಕಡತವೂ ಕಾಣುವುದಿಲ್ಲ. ಈ ಎರಡರ ನಡುವೆ ಸ್ವಿಚ್‌ನ (ಎಲ್ಲ ಕೇಬಲ್‌ಗಳನ್ನು ಜಾಲಕ್ಕೆ ಜೋಡಿಸುವ ಸಾಧನದ) ಸೆಟ್ಟಿಂಗನ್ನು ಯಾರೂ ಮುಟ್ಟಿರುವುದಿಲ್ಲ.

ನೋಡಿದವರು ಸ್ವಿಚ್‌ನ ಬುದ್ಧಿಯನ್ನು ಹೊಗಳುತ್ತಾರೆ. ಪಾಪ, ಸ್ವಿಚ್‌ಗೆ ಗೊತ್ತಿರುವುದು ಯಾರನ್ನು ಕೇಳಬೇಕು ಎಂಬುದಷ್ಟೇ. ಯಾರು ಯಾವ ವಿಭಾಗದವರು, ಯಾವ ಯಂತ್ರ ನಮ್ಮದು ಎಂಬ ಉತ್ತರವೆಲ್ಲ ಡೈರೆಕ್ಟರಿಯಲ್ಲಿದೆ. ಅಲ್ಲಿ ತಪ್ಪು ಮಾಹಿತಿ ತುಂಬಿದ್ದರೆ, ಎಷ್ಟು ದುಬಾರಿ ಸಾಧನ ತಂದರೂ ಅದು ಆ ತಪ್ಪನ್ನೇ ಇನ್ನಷ್ಟು ಚುರುಕಾಗಿ ಜಾರಿ ಮಾಡುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮುಕ್ಕಾಲು ಭಾಗ ಡೈರೆಕ್ಟರಿಯನ್ನು ನೆಟ್ಟಗೆ ಕಟ್ಟುವುದರ ಬಗ್ಗೆಯೇ ಇದೆ. ನೂರಿನ್ನೂರು ಕಂಪ್ಯೂಟರ್, ಹತ್ತಾರು ಸ್ವಿಚ್, ಒಂದೆರಡು ಕಟ್ಟಡಗಳಿರುವ ಜಾಲವನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿದ್ದೇನೆ.

ಡೈರೆಕ್ಟರಿ ಎಂದರೇನು

ಡೈರೆಕ್ಟರಿ ಸೇವೆಯೂ ಒಂದು ಬಗೆಯ ದತ್ತಸಂಚಯವೇ, ಆದರೆ ಅದರ ಸ್ವಭಾವ ಬೇರೆ. ಬರೆಯುವುದು ಅಪರೂಪ, ಓದುವುದು ದಿನಕ್ಕೆ ಸಾವಿರಾರು ಬಾರಿ. ಮಾಹಿತಿ ಕೋಷ್ಟಕದಲ್ಲಿ ಕೂರುವುದಿಲ್ಲ, ಮರದಂತೆ ಕವಲೊಡೆಯುತ್ತದೆ. ಪ್ರತಿಯೊಂದು ಎಲೆಯೂ ಒಂದು ನಮೂದು: ಒಬ್ಬ ವ್ಯಕ್ತಿ, ಒಂದು ಕಂಪ್ಯೂಟರ್, ಒಂದು ಮುದ್ರಕ, ಒಂದು ಗುಂಪು. ನಮೂದಿಗೆ ಗುಣಲಕ್ಷಣಗಳಿರುತ್ತವೆ: ಹೆಸರು, ವಿಭಾಗ, ದೂರವಾಣಿ, ಸದಸ್ಯತ್ವ. ಯಾವ ಬಗೆಯ ನಮೂದಿಗೆ ಯಾವ ಗುಣಲಕ್ಷಣ ಇರಬಹುದು ಎಂಬ ನಿಯಮಪಟ್ಟಿಗೆ ಸ್ಕೀಮಾ ಎನ್ನುತ್ತಾರೆ.

ಇದರ ಮೂಲ 1988ರಲ್ಲಿ ಬಂದ ಎಕ್ಸ್.500 ಎಂಬ ಮಾನದಂಡ. ಅದು ಆಗಿನ ಸಾಮಾನ್ಯ ಕಂಪ್ಯೂಟರ್‌ಗಳಿಗೆ ಹೊರಲಾಗದ ಭಾರವಾಗಿತ್ತು. ಮಿಶಿಗನ್ ವಿಶ್ವವಿದ್ಯಾಲಯದವರು ಅದನ್ನು ಹಗುರ ಮಾಡಿ, ಡೈರೆಕ್ಟರಿಯೊಡನೆ ಮಾತನಾಡುವ ಎಲ್‌ಡಿಎಪಿ ಎಂಬ ಭಾಷೆಯನ್ನು ರೂಪಿಸಿದರು. 1993ರಲ್ಲಿ ಅದರ ಮೊದಲ ವಿವರಣೆ ಹೊರಬಂತು, ಇಂದಿಗೂ ಬಳಕೆಯಲ್ಲಿರುವ ಮೂರನೆಯ ಆವೃತ್ತಿ 1997ರದು. ನೊವೆಲ್ 1993ರಲ್ಲಿ ನೆಟ್‌ವೇರ್ 4ರ ಜೊತೆ ತನ್ನ ಡೈರೆಕ್ಟರಿಯನ್ನು ತಂದಿತು, ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ವಿಂಡೋಸ್ 2000ದೊಂದಿಗೆ ಬಂತು. ಸ್ವಿಚ್ ಮತ್ತು ರೌಟರ್‌ಗಳೂ ಡೈರೆಕ್ಟರಿಯನ್ನು ಕೇಳಿ ನಡೆದುಕೊಳ್ಳಲಿ ಎಂಬ ಯೋಚನೆಯನ್ನು ಸಿಸ್ಕೊ ಮತ್ತು ಮೈಕ್ರೋಸಾಫ್ಟ್ 1997ರಲ್ಲೇ ಮುಂದಿಟ್ಟಿದ್ದವು. ಸಾಧನದ ಪೂರ್ತಿ ಸಂರಚನೆಯನ್ನೇ ಡೈರೆಕ್ಟರಿಯೊಳಗೆ ಇಡುವ ಆ ಕನಸು ಹೆಚ್ಚು ದೂರ ಹೋಗಲಿಲ್ಲ. ಆದರೆ ಯಾರಿಗೆ ಯಾವ ಪ್ರವೇಶ ಎಂಬುದನ್ನು ಕೇಳಿ ತಿಳಿಯುವ ಭಾಗ ಮಾತ್ರ ಗಟ್ಟಿಯಾಗಿ ನಿಂತಿತು. ನಾವು ಕಟ್ಟಲಿರುವುದು ಅದನ್ನೇ.

ಹಂತ 1: ಮೊದಲು ಕಾಗದ, ಆಮೇಲೆ ಸರ್ವರ್

ಯಾವ ತಂತ್ರಾಂಶವನ್ನೂ ಇಳಿಸಿಕೊಳ್ಳುವ ಮೊದಲು ಮೂರು ಪಟ್ಟಿ ಮಾಡಿ: ಜನರ ಪಟ್ಟಿ, ಯಂತ್ರಗಳ ಪಟ್ಟಿ, ಕೇಬಲ್ ಸಿಕ್ಕಿಸಿಕೊಂಡ ಉಳಿದೆಲ್ಲದರ ಪಟ್ಟಿ. ಮೂರನೆಯದು ಯಾವಾಗಲೂ ಎಣಿಸಿದ್ದಕ್ಕಿಂತ ಉದ್ದವಾಗಿರುತ್ತದೆ. ಮುದ್ರಕ, ಕ್ಯಾಮೆರಾ, ಹಾಜರಾತಿ ಯಂತ್ರ, ಐಪಿ ಫೋನ್, ಯಾರೋ ಮೇಜಿನ ಕೆಳಗೆ ಸೇರಿಸಿಟ್ಟ ಎಂಟು ಪೋರ್ಟ್‌ಗಳ ಪುಟ್ಟ ಸ್ವಿಚ್. ಇವುಗಳನ್ನು ಈಗ ಬಿಟ್ಟರೆ ಎಂಟನೆಯ ಹಂತದಲ್ಲಿ ಒಂದೊಂದಾಗಿ ಎದ್ದು ಬರುತ್ತವೆ.

ಜನರ ಪಟ್ಟಿಗೆ ಒಡೆಯರು ಯಾರು ಎಂಬುದನ್ನೂ ಇಲ್ಲೇ ತೀರ್ಮಾನಿಸಿ. ಯಾರು ಸೇರಿದರು, ಯಾರು ಬಿಟ್ಟರು ಎಂಬ ಸುದ್ದಿ ಮೊದಲು ಮುಟ್ಟುವುದು ಸಿಬ್ಬಂದಿ ವಿಭಾಗಕ್ಕೆ. ಆದ್ದರಿಂದ ಅವರ ದಾಖಲೆಯೇ ಮೂಲ, ಡೈರೆಕ್ಟರಿ ಅದರ ನೆರಳು. ಇದು ಬರವಣಿಗೆಯಲ್ಲಿ ಇರಬೇಕು, ಬಾಯಿಮಾತು ಸಾಲದು.

ಹಂತ 2: ಯಾವುದನ್ನು ಆರಿಸುವುದು

ಹೆಚ್ಚಿನ ಯಂತ್ರಗಳು ವಿಂಡೋಸ್ ಆಗಿದ್ದರೆ ಆಕ್ಟಿವ್ ಡೈರೆಕ್ಟರಿ. ಪರವಾನಗಿಯ ಖರ್ಚು ಬೇಡ, ಆದರೆ ವಿಂಡೋಸ್ ಯಂತ್ರಗಳಿವೆ ಎಂದರೆ ಸಾಂಬಾ. 2012ರ ಕೊನೆಯಲ್ಲಿ ಬಂದ ನಾಲ್ಕನೆಯ ಆವೃತ್ತಿಯಿಂದ ಅದೂ ಡೊಮೇನ್ ಕಂಟ್ರೋಲರ್ (ಡೈರೆಕ್ಟರಿಯನ್ನು ಹೊತ್ತು, ಅದರಡಿಯ ಜನ ಮತ್ತು ಯಂತ್ರಗಳ ಕೂಟವಾದ ಡೊಮೇನ್‌ನ ಲಾಗಿನ್ ನೋಡಿಕೊಳ್ಳುವ ಸರ್ವರ್) ಆಗಬಲ್ಲದು. ಬಹುಪಾಲು ಲಿನಕ್ಸ್ ಆದರೆ ಫ್ರೀಐಪಿಎ: ಡೈರೆಕ್ಟರಿ, ಟಿಕೆಟ್ ಕೊಟ್ಟು ಗುರುತು ಸಾಬೀತು ಮಾಡುವ ಕರ್ಬರಸ್, ಡಿಜಿಟಲ್ ಗುರುತಿನ ಚೀಟಿ ಕೊಡುವ ಪ್ರಮಾಣಪತ್ರ ಪ್ರಾಧಿಕಾರ, ಬೇಕಾದರೆ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಕೊಡುತ್ತದೆ. ಓಪನ್‌ಎಲ್‌ಡಿಎಪಿ ಬಹಳ ಗಟ್ಟಿಯಾದ ತಂತ್ರಾಂಶ, ಆದರೆ ಅದು ಬರೀ ಇಟ್ಟಿಗೆ. ಮನೆಯನ್ನು ನೀವೇ ಕಟ್ಟಿಕೊಳ್ಳಬೇಕು. ಒಬ್ಬಿಬ್ಬರೇ ಜಾಲ ನೋಡಿಕೊಳ್ಳುವ ಕಡೆ ಅದನ್ನು ಆರಿಸಬೇಡಿ ಎಂಬುದು ನನ್ನ ಅನುಭವದ ಮಾತು. ಮುಂದೆ ನಾನು ಕೊಡುವ ಅಂಕಿಗಳು ಬಹುತೇಕ ಆಕ್ಟಿವ್ ಡೈರೆಕ್ಟರಿಯವು; ತತ್ತ್ವ ಎಲ್ಲಕ್ಕೂ ಒಂದೇ.

ಹಂತ 3: ಹೆಸರು, ಡಿಎನ್‌ಎಸ್ ಮತ್ತು ಗಡಿಯಾರ

ಡೊಮೇನ್‌ನ ಹೆಸರನ್ನು ಇಟ್ಟ ಮೇಲೆ ಬದಲಿಸುವುದು ಮನೆಯ ಅಡಿಪಾಯ ಬದಲಿಸಿದಂತೆ. ನಿಮ್ಮ ಸಂಸ್ಥೆಯ ಹೆಸರಿನಲ್ಲಿ ನೋಂದಾಯಿಸಿದ ಅಂತರಜಾಲ ಹೆಸರೊಂದು ಇರುತ್ತದಲ್ಲ, ಅದರ ಕೆಳಗೆ ಒಂದು ಉಪನಾಮ ಮಾಡಿ: ಎಡಿ.ಎಕ್ಸಾಂಪಲ್.ಕಾಮ್ ಎಂಬಂತೆ. ಹಳೆಯ ಪಾಠಗಳಲ್ಲಿ ಕಾಣುವ ‘.ಲೋಕಲ್’ ಬೇಡ. ಆ ಬಾಲವನ್ನು 2013ರಲ್ಲಿ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆಂದು (ಸರ್ವರ್ ಇಲ್ಲದೆ ಸುತ್ತಲಿನ ಯಂತ್ರಗಳನ್ನೇ ಹೆಸರು ಕೇಳುವ ವಿಧಾನಕ್ಕೆಂದು) ಮೀಸಲಿಟ್ಟಿದ್ದಾರೆ. ಮ್ಯಾಕ್ ಮತ್ತು ಲಿನಕ್ಸ್ ಯಂತ್ರಗಳು ಅದನ್ನು ಬೇರೆ ದಾರಿಯಲ್ಲಿ ಹುಡುಕಲು ಹೊರಟುಬಿಡುತ್ತವೆ. ಹೊರಗಿನ ಸಾರ್ವಜನಿಕ ಪ್ರಮಾಣಪತ್ರವೂ ಅದಕ್ಕೆ ಸಿಗುವುದಿಲ್ಲ. ಡೊಮೇನ್‌ಗೆ ಕೊಡುವ ಚಿಕ್ಕ ಹೆಸರು (ನೆಟ್‌ಬಯಾಸ್ ಹೆಸರು) 15 ಅಕ್ಷರ ದಾಟಬಾರದು ಎಂಬುದೂ ನೆನಪಿರಲಿ.

ಡಿಎನ್‌ಎಸ್ ಇಲ್ಲದೆ ಡೈರೆಕ್ಟರಿ ಕುರುಡು. ಒಂದು ಕಂಪ್ಯೂಟರ್ ಲಾಗಿನ್ ಆಗುವ ಮೊದಲು ಡಿಎನ್‌ಎಸ್‌ನಲ್ಲಿ ಎಸ್‌ಆರ್‌ವಿ ಎಂಬ ಬಗೆಯ ದಾಖಲೆಯನ್ನು ಹುಡುಕಿ, ಡೊಮೇನ್ ಕಂಟ್ರೋಲರ್ ಎಲ್ಲಿದೆ ಎಂದು ತಿಳಿದುಕೊಳ್ಳುತ್ತದೆ. ಹಾಗಾಗಿ ಡೊಮೇನಿಗೆ ಸೇರಿದ ಪ್ರತಿ ಯಂತ್ರವೂ ಒಳಗಿನ ಡಿಎನ್‌ಎಸ್ ಸರ್ವರನ್ನೇ ಕೇಳಬೇಕು. ‘ಇರಲಿ, ಎರಡನೆಯದಾಗಿ ಹೊರಗಿನದೂ ಇರಲಿ’ ಎಂದು ಇಂಟರ್ನೆಟ್‌ನ ಡಿಎನ್‌ಎಸ್ ವಿಳಾಸವೊಂದನ್ನು ಸೇರಿಸುವವರು ಬಹಳ ಮಂದಿ. ಒಂದು ದಿನ ಯಂತ್ರ ಆ ಎರಡನೆಯದನ್ನು ಕೇಳುತ್ತದೆ, ಅದು ‘ಅಂಥ ಹೆಸರೇ ಇಲ್ಲ’ ಎನ್ನುತ್ತದೆ, ಬಳಕೆದಾರರಿಗೆ ಲಾಗಿನ್ ಆಗುವುದಿಲ್ಲ, ನೀವು ಬಂದು ನೋಡುವ ಹೊತ್ತಿಗೆ ಎಲ್ಲ ಸರಿಯಾಗಿರುತ್ತದೆ. ಹೊರಗಿನ ಹೆಸರುಗಳನ್ನು ಒಳಗಿನ ಸರ್ವರ್ ಮುಂದಕ್ಕೆ ಕೇಳಿ ತರಲಿ. ಯಂತ್ರಗಳಿಗೆ ಒಳಗಿನ ವಿಳಾಸಗಳಷ್ಟೇ ಸಾಕು.

ಇನ್ನು ಗಡಿಯಾರ. ಕರ್ಬರಸ್ ದೃಢೀಕರಣ ಸಮಯವನ್ನು ನಂಬಿ ನಡೆಯುತ್ತದೆ. ಎರಡು ಯಂತ್ರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಟಿಕೆಟ್ ತಿರಸ್ಕೃತವಾಗುತ್ತದೆ. ನಾನು ನೋಡಿಕೊಳ್ಳುತ್ತಿದ್ದ ಜಾಲವೊಂದರಲ್ಲಿ ವಿದ್ಯುತ್ ಹೋಗಿ ಬಂದ ಬೆಳಗ್ಗೆ ಕೆಲವು ಲಿನಕ್ಸ್ ಸರ್ವರ್‌ಗಳಿಗೆ ಯಾರಿಗೂ ಪ್ರವೇಶವಿಲ್ಲ, ಉಳಿದವುಗಳಿಗೆ ಎಲ್ಲರಿಗೂ ಇದೆ. ಪಾಸ್‌ವರ್ಡ್ ಬದಲಿಸಿದೆವು, ಫೈರ್‌ವಾಲ್ ತಡಕಾಡಿದೆವು. ಎರಡು ಗಂಟೆಯ ಮೇಲೆ ಒಬ್ಬರು ಲಾಗ್ ಕಡತದಲ್ಲಿ ಗಡಿಯಾರದ ದೂರನ್ನು ಕಂಡರು. ವರ್ಚುವಲ್ ಯಂತ್ರಗಳನ್ನು (ತಂತ್ರಾಂಶದ ರೂಪದಲ್ಲಿ ಓಡುವ ಕಂಪ್ಯೂಟರ್‌ಗಳನ್ನು) ಹೊತ್ತಿದ್ದ ಹಾರ್ಡ್‌ವೇರ್‌ನ ಪುಟ್ಟ ಬ್ಯಾಟರಿ ಸತ್ತಿತ್ತು. ಅದರ ಗಡಿಯಾರ 11 ನಿಮಿಷ ಹಿಂದಿತ್ತು, ಅದರ ಮೇಲಿದ್ದ ಡೊಮೇನ್ ಕಂಟ್ರೋಲರ್ ಆ ಸಮಯವನ್ನೇ ನಂಬಿತ್ತು. ಆ ಕಂಟ್ರೋಲರನ್ನು ಕೇಳಿದ ಸರ್ವರ್‌ಗಳು ಬಾಗಿಲು ಹಾಕಿಕೊಂಡವು, ಇನ್ನೊಂದನ್ನು ಕೇಳಿದವು ತೆರೆದೇ ಇದ್ದವು. ದೋಷ ನನ್ನದೇ. ಡೊಮೇನ್ ಕಂಟ್ರೋಲರ್ ತನ್ನನ್ನು ಹೊತ್ತ ಯಂತ್ರದಿಂದ ಸಮಯ ಪಡೆಯುವುದನ್ನು ನಿಲ್ಲಿಸಿರಲಿಲ್ಲ.

ಮಾಡಬೇಕಾದ್ದು ಇಷ್ಟು. ಡೊಮೇನ್‌ನ ಸಮಯಕ್ಕೆ ಹಿರಿಯನಾದ ಪಿಡಿಸಿ ಎಮ್ಯುಲೇಟರ್ ಪಾತ್ರ ಹೊತ್ತ ಕಂಟ್ರೋಲರ್ ಮಾತ್ರ ಹೊರಗಿನ, ಸಮಯ ಹಂಚುವ ಎನ್‌ಟಿಪಿ ಸರ್ವರ್‌ಗಳಿಂದ ಸಮಯ ಪಡೆಯಲಿ. ಉಳಿದ ಕಂಟ್ರೋಲರ್‌ಗಳು ಅದರಿಂದ, ಕಂಪ್ಯೂಟರ್‌ಗಳು ಆ ಕಂಟ್ರೋಲರ್‌ಗಳಿಂದ ಪಡೆಯಲಿ. ವರ್ಚುವಲ್ ಯಂತ್ರದ ಸಮಯ ಹೊಂದಾಣಿಕೆಯನ್ನು ನಿಲ್ಲಿಸಿಬಿಡಿ. ಸ್ವಿಚ್‌ಗಳೂ ಅದೇ ಮೂಲಕ್ಕೆ ಕಟ್ಟಿಕೊಳ್ಳಲಿ. ಲಾಗ್‌ಗಳನ್ನು ಹೋಲಿಸಿ ಓದುವ ದಿನ ಇದರ ಬೆಲೆ ತಿಳಿಯುತ್ತದೆ.

ಹಂತ 4: ಒಂದಲ್ಲ, ಎರಡು

ಡೊಮೇನ್ ಕಂಟ್ರೋಲರ್ ಎರಡಾದರೂ ಇರಲೇಬೇಕು, ಎರಡೂ ಒಂದೇ ಹಾರ್ಡ್‌ವೇರ್ ಮೇಲೆ ಇರಬಾರದು. ಕಂಟ್ರೋಲರ್ ಮೇಲೆ ಬೇರೆ ಕೆಲಸ ಹೊರಿಸಬೇಡಿ. ಕಡತ ಹಂಚಿಕೆ, ಮುದ್ರಣ, ಹಾಜರಾತಿ ತಂತ್ರಾಂಶ ಯಾವುದೂ ಬೇಡ. ಫೈರ್‌ವಾಲ್‌ನಲ್ಲಿ ಬೇಕಾದ ಬಾಗಿಲುಗಳು (ಪೋರ್ಟ್ ಸಂಖ್ಯೆಗಳು): ಡಿಎನ್‌ಎಸ್‌ಗೆ 53, ಕರ್ಬರಸ್‌ಗೆ 88, ಸಮಯಕ್ಕೆ 123, ಇನ್ನೊಂದು ಯಂತ್ರದಿಂದ ಕೆಲಸ ಮಾಡಿಸುವ ಆರ್‌ಪಿಸಿಗೆ 135, ಎಲ್‌ಡಿಎಪಿಗೆ 389, ನೀತಿಯ ಕಡತಗಳನ್ನು ತರುವ ಎಸ್‌ಎಂಬಿಗೆ 445, ಪಾಸ್‌ವರ್ಡ್ ಬದಲಾವಣೆಗೆ 464, ಗೂಢಲಿಪಿಯ ಎಲ್‌ಡಿಎಪಿಗೆ 636, ಇಡೀ ಡೈರೆಕ್ಟರಿಯ ಸೂಚಿಯಾದ ಗ್ಲೋಬಲ್ ಕ್ಯಾಟಲಾಗ್‌ಗೆ 3268. ಆರ್‌ಪಿಸಿ ಆಮೇಲೆ 49152ರಿಂದ 65535ರವರೆಗಿನ ಯಾವುದೋ ಪೋರ್ಟಿಗೆ ಜಿಗಿಯುತ್ತದೆ ಎಂಬುದನ್ನು ಮರೆತವರೇ ಹೆಚ್ಚು.

ಎರಡನೆಯ ಕಂಟ್ರೋಲರ್ ಬಂದ ಮೇಲೆ ರೆಪ್ಲಿಕೇಷನ್ (ಒಂದರ ಬದಲಾವಣೆ ಇನ್ನೊಂದಕ್ಕೆ ನಕಲಾಗುವುದು) ನಡೆಯುತ್ತಿದೆಯೇ ಎಂದು ರೆಪ್‌ಅಡ್ಮಿನ್ ಮತ್ತು ಡಿಸಿಡಯಾಗ್ ಆದೇಶಗಳಿಂದ ನೋಡಿ. ನನಗೆ ಇನ್ನೂ ಸರಳವಾದ ಪರೀಕ್ಷೆಯೊಂದು ಇಷ್ಟ: ಒಂದರಲ್ಲಿ ಹುಸಿ ಬಳಕೆದಾರನೊಬ್ಬನನ್ನು ಸೃಷ್ಟಿಸಿ, ಇನ್ನೊಂದರಲ್ಲಿ ಕಾಣುವವರೆಗೆ ಕಾಯುವುದು. ಒಂದೇ ಕಟ್ಟಡದಲ್ಲಿ ಅರ್ಧ ನಿಮಿಷ ಮೀರಿದರೆ ಏನೋ ಸರಿಯಿಲ್ಲ.

ಹಂತ 5: ಮರದ ಕೊಂಬೆಗಳು

ಹೆಚ್ಚಿನವರು ಎಡವುವುದು ಇಲ್ಲಿಯೇ. ಸಂಸ್ಥೆಯ ಅಧಿಕಾರ ಶ್ರೇಣಿಯ ಚಿತ್ರವನ್ನು ಎದುರಿಗಿಟ್ಟುಕೊಂಡು, ಅದರ ಪ್ರತಿ ಚೌಕಕ್ಕೂ ಡೈರೆಕ್ಟರಿಯಲ್ಲಿ ಒಂದು ಘಟಕ ಮಾಡಿಬಿಡುತ್ತಾರೆ. ಮುಂದಿನ ವರ್ಷ ಎರಡು ವಿಭಾಗಗಳು ಒಂದಾಗುತ್ತವೆ, ಒಂದು ಒಡೆಯುತ್ತದೆ, ಮರವೆಲ್ಲ ಕಲಸುಮೇಲೋಗರ.

ಸಾಂಸ್ಥಿಕ ಘಟಕ ಎಂಬುದಕ್ಕೆ ಇರುವುದು ಎರಡೇ ಕೆಲಸ: ನೀತಿಯನ್ನು (ಯಂತ್ರ, ಬಳಕೆದಾರರಿಗೆ ಹಚ್ಚುವ ಸೆಟ್ಟಿಂಗ್‌ಗಳ ಕಟ್ಟನ್ನು) ಅಂಟಿಸುವುದು, ಆಡಳಿತದ ಅಧಿಕಾರವನ್ನು ಹಂಚುವುದು. ಒಂದು ಕೊಂಬೆಗೆ ಬೇರೆ ನೀತಿಯೂ ಇಲ್ಲ, ಬೇರೆ ಮೇಲ್ವಿಚಾರಕರೂ ಇಲ್ಲ ಎಂದರೆ ಆ ಕೊಂಬೆಯೇ ಬೇಡ. ಮೇಲಿನ ಹಂತದಲ್ಲಿ ಬಳಕೆದಾರರು, ಕಂಪ್ಯೂಟರ್‌ಗಳು, ಸರ್ವರ್‌ಗಳು, ಗುಂಪುಗಳು, ಸೇವಾ ಖಾತೆಗಳು (ತಂತ್ರಾಂಶಗಳು ಬಳಸುವವು), ಆಡಳಿತ ಖಾತೆಗಳು ಎಂದು ಆರು ಕೊಂಬೆ. ಕಂಪ್ಯೂಟರ್‌ಗಳ ಕೆಳಗೆ ಲ್ಯಾಪ್‌ಟಾಪ್, ಮೇಜಿನ ಯಂತ್ರ ಎಂದು ಎರಡು. ಇನ್ನೂರು ಯಂತ್ರಗಳ ಜಾಲಕ್ಕೆ ಇಷ್ಟು ಧಾರಾಳ. ವಿಭಾಗ ಎಂಬುದು ಕೊಂಬೆ ಆಗಬಾರದು, ಗುಣಲಕ್ಷಣ ಆಗಬೇಕು. ರಮ್ಯಾ ಲೆಕ್ಕಪತ್ರದಿಂದ ಖರೀದಿಗೆ ಹೋದರೆ ಅವರ ನಮೂದನ್ನು ಎತ್ತಿಡಬೇಕಿಲ್ಲ, ಒಂದು ಪದ ಬದಲಿಸಿದರೆ ಸಾಕು.

ಹಂತ 6: ಗುಂಪುಗಳು

ಅನುಮತಿಯನ್ನು ಎಂದೂ ವ್ಯಕ್ತಿಗೆ ಕೊಡಬೇಡಿ, ಗುಂಪಿಗೆ ಕೊಡಿ. ಅದರಲ್ಲೂ ಎರಡು ಪದರ ಇರಲಿ. ಮೊದಲನೆಯದು ಜನರ ಗುಂಪು: ‘ಲೆಕ್ಕಪತ್ರ ಸಿಬ್ಬಂದಿ’. ಎರಡನೆಯದು ಅನುಮತಿಯ ಗುಂಪು: ‘ಲೆಕ್ಕಪತ್ರ ಫೋಲ್ಡರ್, ಬರೆಯುವ ಹಕ್ಕು’. ಮೊದಲನೆಯದನ್ನು ಎರಡನೆಯದರೊಳಗೆ ಸೇರಿಸಿ, ಫೋಲ್ಡರ್‌ಗೆ ಎರಡನೆಯದನ್ನು ಮಾತ್ರ ಕಟ್ಟಿ. ಮೊದಲ ವಾರ ಇದು ಅತಿಯಾಯಿತು ಎನ್ನಿಸುತ್ತದೆ. ಎರಡು ವರ್ಷದ ಮೇಲೆ ಲೆಕ್ಕಪರಿಶೋಧಕರು ಬಂದು ‘ಈ ಫೋಲ್ಡರ್‌ಗೆ ಯಾರು ಯಾರು ಬರೆಯಬಹುದು?’ ಎಂದಾಗ ಒಂದೇ ಗುಂಪನ್ನು ತೆರೆದು ತೋರಿಸಿ ಊಟಕ್ಕೆ ಹೋಗಬಹುದು.

ಜಾಲದ ಪ್ರವೇಶಕ್ಕೂ ಇದೇ ರೀತಿ: ‘ಜಾಲ ಲೆಕ್ಕಪತ್ರ’, ‘ಜಾಲ ಸಾಮಾನ್ಯ’, ‘ಜಾಲ ಆಡಳಿತ’ ಎಂಬ ಗುಂಪುಗಳು. ಎಂಟನೆಯ ಹಂತದಲ್ಲಿ ಸ್ವಿಚ್ ಕೇಳುವ ಪ್ರಶ್ನೆಗೆ ಇವೇ ಉತ್ತರ. ಒಬ್ಬರು ಇಂಥ ಎರಡು ಗುಂಪುಗಳಲ್ಲಿದ್ದರೆ ಯಾವುದು ಗೆಲ್ಲಬೇಕು ಎಂಬುದನ್ನೂ ಈಗಲೇ ಬರೆದಿಡಿ.

ಜನರ ಗುಂಪನ್ನು ವಿಭಾಗದ ಗುಣಲಕ್ಷಣದಿಂದ ತಾನಾಗಿ ತುಂಬುವ ಸ್ಕ್ರಿಪ್ಟ್ ಬರೆಯುವುದು ಒಳ್ಳೆಯದು. ಆದರೆ ಒಂದು ಎಚ್ಚರಿಕೆ. ಆಕ್ಟಿವ್ ಡೈರೆಕ್ಟರಿ ಒಂದು ಪ್ರಶ್ನೆಗೆ ಮೊದಲ 1000 ನಮೂದುಗಳನ್ನಷ್ಟೇ ಕೊಟ್ಟು ನಿಲ್ಲುತ್ತದೆ. ಉಳಿದವನ್ನು ಪುಟಪುಟವಾಗಿ ಕೇಳಿ ಪಡೆಯಬೇಕು. ಇದು ಗೊತ್ತಿಲ್ಲದೆ ನಾನು ಹಿಂದೊಮ್ಮೆ ಬರೆದ ಸ್ಕ್ರಿಪ್ಟ್, ಸಾವಿರದ ಆಚೆಗಿನವರು ಡೈರೆಕ್ಟರಿಯಲ್ಲೇ ಇಲ್ಲ ಎಂದು ಭಾವಿಸಿ ಅವರಿಗೆಲ್ಲ ಹೊಸ ಖಾತೆ ತೆರೆಯಲು ಹೊರಟಿತ್ತು. ಏನನ್ನೂ ಬದಲಿಸದ ಪರೀಕ್ಷಾ ಓಟ ಮಾಡಿ ನೋಡಿದ್ದರಿಂದ ಬಚಾವಾದೆ. ಅಂದಿನಿಂದ ನನ್ನ ಪ್ರತಿ ಸ್ಕ್ರಿಪ್ಟಿನಲ್ಲೂ ‘ಬದಲಾವಣೆ ಇಪ್ಪತ್ತನ್ನು ಮೀರಿದರೆ ನಿಲ್ಲಿಸಿ ನನ್ನನ್ನು ಕೇಳು’ ಎಂಬ ಸಾಲೊಂದು ಇದ್ದೇ ಇರುತ್ತದೆ.

ಹಂತ 7: ಯಂತ್ರಗಳನ್ನು ಸೇರಿಸುವುದು, ನೀತಿ ಹಚ್ಚುವುದು

ಮೂಲ ಸೆಟ್ಟಿಂಗ್‌ನಲ್ಲಿ ಯಾವ ಸಾಮಾನ್ಯ ಬಳಕೆದಾರರೂ 10 ಕಂಪ್ಯೂಟರ್‌ಗಳನ್ನು ಡೊಮೇನಿಗೆ ಸೇರಿಸಬಹುದು. ಆ ಸಂಖ್ಯೆಯನ್ನು ಸೊನ್ನೆ ಮಾಡಿ, ಸೇರಿಸುವ ಹಕ್ಕನ್ನು ಒಂದು ಗುಂಪಿಗೆ ಮಾತ್ರ ಕೊಡಿ. ಯಂತ್ರಕ್ಕೂ ಒಂದು ಖಾತೆ, ಒಂದು ಪಾಸ್‌ವರ್ಡ್ ಇರುತ್ತದೆ. ವಿಂಡೋಸ್ ಅದನ್ನು 30 ದಿನಕ್ಕೊಮ್ಮೆ ತಾನೇ ಬದಲಿಸಿಕೊಳ್ಳುತ್ತದೆ. ಹಳೆಯ ಪ್ರತಿಯಿಂದ ಮರಳಿ ಎಬ್ಬಿಸಿದ ಕಂಪ್ಯೂಟರ್ ಡೊಮೇನನ್ನು ಗುರುತಿಸದೆ ಹೋಗುವುದು ಇದರಿಂದಲೇ.

ಗುಂಪು ನೀತಿಗಳು ಸ್ಥಳೀಯ ಯಂತ್ರ, ಸೈಟ್ (ಕಟ್ಟಡ; ಒಂಬತ್ತನೆಯ ಹಂತ ನೋಡಿ), ಡೊಮೇನ್, ಸಾಂಸ್ಥಿಕ ಘಟಕ ಎಂಬ ಕ್ರಮದಲ್ಲಿ ಹತ್ತುತ್ತವೆ. ಎರಡು ನೀತಿಗಳು ಜಗಳವಾಡಿದರೆ ಕೊನೆಗೆ ಬಂದದ್ದು ಗೆಲ್ಲುತ್ತದೆ. ಯಂತ್ರಗಳು ಸುಮಾರು 90 ನಿಮಿಷಕ್ಕೊಮ್ಮೆ, ಅದರ ಮೇಲೆ ಅರ್ಧ ಗಂಟೆಯೊಳಗಿನ ಯಾದೃಚ್ಛಿಕ ತಡದೊಂದಿಗೆ ಹೊಸ ನೀತಿಯನ್ನು ಕೇಳುತ್ತವೆ. ಹಾಗಾಗಿ ‘ನೀತಿ ಹಚ್ಚಿದೆ, ಏನೂ ಆಗಲಿಲ್ಲ’ ಎಂದು ಐದು ನಿಮಿಷಕ್ಕೇ ಕೈಚೆಲ್ಲಬೇಡಿ. ಒಂದು ನೀತಿಗೆ ಒಂದೇ ಉದ್ದೇಶ ಇರಲಿ, ಹೆಸರಿನಲ್ಲೇ ಅದು ಕಾಣಲಿ.

ಹಂತ 8: ಜಾಲಕ್ಕೆ ಬುದ್ಧಿ ಕಲಿಸುವುದು

ಈಗ ರಮ್ಯಾ ಅವರ ಕೇಬಲ್‌ಗೆ ಬರೋಣ. ಕೇಬಲ್ ಸಿಕ್ಕಿಸಿದ ಕ್ಷಣದಲ್ಲಿ ಸ್ವಿಚ್ ಆ ಪೋರ್ಟನ್ನು (ತನ್ನಲ್ಲಿ ಆ ಕೇಬಲ್ ಕೂರುವ ಜಾಗವನ್ನು) ಮುಚ್ಚಿಯೇ ಇಟ್ಟಿರುತ್ತದೆ, 802.1ಎಕ್ಸ್ ಎಂಬ ಮಾನದಂಡದ ಸಂದೇಶಗಳಿಗೆ ಮಾತ್ರ ಕಿಂಡಿ. ಸ್ವಿಚ್ ‘ನೀನು ಯಾರು?’ ಎನ್ನುತ್ತದೆ. ಲ್ಯಾಪ್‌ಟಾಪ್ ತನ್ನ ಪ್ರಮಾಣಪತ್ರವನ್ನು ಮುಂದಿಡುತ್ತದೆ. ಸ್ವಿಚ್ ಅದನ್ನು ಬಿಚ್ಚಿ ನೋಡುವುದಿಲ್ಲ. ಅಂಚೆಯವರಂತೆ ಹಾಗೆಯೇ, ಪ್ರವೇಶವನ್ನು ತೀರ್ಮಾನಿಸುವ ರೇಡಿಯಸ್ ಸರ್ವರ್‌ನ 1812ನೇ ಸಂಖ್ಯೆಯ ಪೋರ್ಟಿಗೆ ಒಯ್ಯುತ್ತದೆ. ರೇಡಿಯಸ್ ಸರ್ವರ್ ಪ್ರಮಾಣಪತ್ರವನ್ನು ಪರೀಕ್ಷಿಸಿ, ಡೈರೆಕ್ಟರಿಯನ್ನು ಕೇಳುತ್ತದೆ: ಈ ಖಾತೆ ಚಾಲ್ತಿಯಲ್ಲಿದೆಯೇ, ಯಾವ ಜಾಲ ಗುಂಪಿನಲ್ಲಿದೆ? ಉತ್ತರ ಬಂದ ಮೇಲೆ ಸ್ವಿಚ್‌ಗೆ ‘ಒಪ್ಪಿಗೆ’ ಎನ್ನುತ್ತದೆ, ಜೊತೆಗೆ ಮೂರು ಗುಣಲಕ್ಷಣಗಳನ್ನು ಕಳಿಸುತ್ತದೆ: ಟನಲ್ ಬಗೆ 13, ಅಂದರೆ ವಿಲ್ಯಾನ್ (ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ಜಾಲ), ಟನಲ್ ಮಾಧ್ಯಮ 6, ಅಂದರೆ 802 ಜಾತಿಯ ಜಾಲ, ಮೂರನೆಯದು ವಿಲ್ಯಾನ್‌ನ ಸಂಖ್ಯೆ, 30 ಎಂದಿಟ್ಟುಕೊಳ್ಳಿ. ಸ್ವಿಚ್ ಆ ಪೋರ್ಟನ್ನು 30ಕ್ಕೆ ಸೇರಿಸಿ ತೆರೆಯುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಪೋರ್ಟ್ ತನ್ನ ಮೂಲ ವಿಲ್ಯಾನ್‌ನಲ್ಲೇ ಉಳಿದು, ನೀವು ತಲೆ ಕೆರೆದುಕೊಳ್ಳುವಂತಾಗುತ್ತದೆ.

ಕಟ್ಟುವ ಕ್ರಮ ಹೀಗಿರಲಿ. ವಿಂಡೋಸ್ ಸರ್ವರ್‌ನೊಂದಿಗೇ ಬರುವ ನೆಟ್‌ವರ್ಕ್ ಪಾಲಿಸಿ ಸರ್ವರ್ ಅಥವಾ ಫ್ರೀರೇಡಿಯಸ್, ಯಾವುದಾದರೂ ಸರಿ, ಎರಡು ಸರ್ವರ್‌ಗಳ ಮೇಲೆ ಹಾಕಿ. ಪ್ರತಿ ಸ್ವಿಚ್ಚನ್ನೂ ಅದರಲ್ಲಿ ನೋಂದಾಯಿಸಿ; ಹಂಚಿಕೆಯ ರಹಸ್ಯಪದ ಉದ್ದವಾಗಿರಲಿ, ಒಂದೊಂದಕ್ಕೆ ಬೇರೆ ಬೇರೆ ಇರಲಿ. ‘ಸಂದೇಶ ದೃಢೀಕಾರಕ’ ಗುಣಲಕ್ಷಣವನ್ನು ಎರಡೂ ಕಡೆ ಕಡ್ಡಾಯಗೊಳಿಸಿ. ರೇಡಿಯಸ್ ಇಂದಿಗೂ ಎಂಡಿ5 ಎಂಬ ಹಳೆಯ ಲೆಕ್ಕಾಚಾರದ ಮೇಲೆ ನಿಂತಿದೆ. ಅದರ ದೌರ್ಬಲ್ಯ ಬಳಸಿ ತಿರಸ್ಕಾರವನ್ನು ಒಪ್ಪಿಗೆಯಾಗಿ ತಿರುಚಬಹುದು ಎಂದು 2024ರಲ್ಲಿ ಬಯಲಾದ ಬ್ಲಾಸ್ಟ್‌ರೇಡಿಯಸ್ ದಾಳಿ ತೋರಿಸಿಕೊಟ್ಟಿತು.

ಗುರುತು ಸಾಬೀತು ಮಾಡಲು ಪಾಸ್‌ವರ್ಡ್ ಸಾಕೇ, ಪ್ರಮಾಣಪತ್ರ ಬೇಕೇ? ಪಾಸ್‌ವರ್ಡ್‌ನ ದಾರಿ ಮೊದಲ ದಿನ ಸುಲಭ, ಆಮೇಲೆ ತೊಡಕು. ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಉದ್ಯಮ ಬಳಕೆಯ ಯಂತ್ರಗಳಲ್ಲಿ ಲಾಗಿನ್ ಗುರುತುಗಳನ್ನು ಬಚ್ಚಿಡುವ ಕ್ರೆಡೆನ್ಷಿಯಲ್ ಗಾರ್ಡ್ ತಾನಾಗಿ ಆನ್ ಆಗಿ, ಲಾಗಿನ್ ಪಾಸ್‌ವರ್ಡನ್ನು ಜಾಲಕ್ಕೂ ಬಳಸುವ ಹಳೆಯ ಸೌಕರ್ಯ ಕೆಟ್ಟಿತು. ಓಪನ್‌ಎಲ್‌ಡಿಎಪಿ ಬಳಸುವವರಿಗೆ ಇನ್ನೊಂದು ಮುಳ್ಳು: ಅಲ್ಲಿ ಪಾಸ್‌ವರ್ಡ್‌ಗಳು ಉಪ್ಪು ಬೆರೆಸಿದ ಹ್ಯಾಷ್ (ಮರಳಿ ಓದಲಾಗದಂತೆ ತಿರುಚಿದ ರೂಪ) ಆಗಿದ್ದರೆ, ಪಾಸ್‌ವರ್ಡ್ ಪರೀಕ್ಷಿಸುವ ಎಂಎಸ್‌ಚಾಪ್ ವಿಧಾನ ಕೆಲಸವನ್ನೇ ಮಾಡುವುದಿಲ್ಲ. ನನ್ನ ಮಾತು ಕೇಳುವುದಾದರೆ ಮೊದಲಿನಿಂದಲೇ ಪ್ರಮಾಣಪತ್ರಗಳಿಗೆ ಹೋಗಿ. ಡೊಮೇನಿಗೆ ಸೇರಿದ ಯಂತ್ರಗಳಿಗೆ ನೀತಿಯ ಮೂಲಕ ಅವು ತಾವಾಗಿ ಹಂಚಿಕೆಯಾಗುತ್ತವೆ. ಒಂದೇ ಕಾಳಜಿ: ರದ್ದಾದ ಪ್ರಮಾಣಪತ್ರಗಳ ಪಟ್ಟಿಗೂ ಒಂದು ಅವಧಿ ಇರುತ್ತದೆ. ಅದು ನವೀಕರಣವಾಗದೆ ಅವಧಿ ಮುಗಿದರೆ, ಒಂದೇ ಬೆಳಗ್ಗೆ ಎಲ್ಲರೂ ಹೊರಗೆ. ಆ ದಿನಾಂಕಕ್ಕೆ ಮೊದಲೇ ಎಚ್ಚರಿಸುವ ಗಂಟೆಯೊಂದನ್ನು ಕಟ್ಟಿಡಿ.

ಎಲ್ಲ ಪೋರ್ಟ್‌ಗಳನ್ನು ಒಮ್ಮೆಲೇ ಬಿಗಿಯಬೇಡಿ. ಮೊದಲು ಗಮನಿಸುವ ಸ್ಥಿತಿ: ಸ್ವಿಚ್ ಪ್ರಶ್ನೆ ಕೇಳುತ್ತದೆ, ಉತ್ತರ ತಪ್ಪಿದರೂ ಬಿಡುತ್ತದೆ, ಲಾಗ್ ಮಾತ್ರ ಬರೆಯುತ್ತದೆ. ಮೂರು ನಾಲ್ಕು ವಾರ ಆ ಲಾಗ್ ಓದಿ. ಮೇಜಿನ ಕೆಳಗಿನ ಪುಟ್ಟ ಸ್ವಿಚ್‌ಗಳೆಲ್ಲ ಆಗ ಹೊರಬೀಳುತ್ತವೆ. ಆಮೇಲೆ ಒಂದು ಮಹಡಿ, ಅದೂ ನಿಮ್ಮದೇ ಮಹಡಿ, ಬಿಗಿ ಮಾಡಿ. 802.1ಎಕ್ಸ್ ಮಾತನಾಡಲು ಬಾರದ ಮುದ್ರಕ, ಕ್ಯಾಮೆರಾಗಳನ್ನು ಮ್ಯಾಕ್ ವಿಳಾಸದ (ಪ್ರತಿ ಸಾಧನಕ್ಕೂ ತಯಾರಕರು ಕೊಟ್ಟ ಜಾಲ ಸಂಖ್ಯೆಯ) ಮೇಲೆ ಒಳಗೆ ಬಿಡಬೇಕಾಗುತ್ತದೆ. ಆ ವಿಳಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಆದ್ದರಿಂದ ಅವುಗಳಿಗೆ ಪ್ರತ್ಯೇಕ ವಿಲ್ಯಾನ್ ಕೊಟ್ಟು, ತಮ್ಮ ಕೆಲಸಕ್ಕೆ ಬೇಕಾದ ಸರ್ವರ್ ಬಿಟ್ಟು ಬೇರೆಲ್ಲೂ ಹೋಗದಂತೆ ಕಟ್ಟಿಹಾಕಿ. ರೇಡಿಯಸ್ ಸರ್ವರ್‌ಗಳು ಎರಡೂ ಬಿದ್ದರೆ ಪೋರ್ಟ್ ಎಲ್ಲಿಗೆ ಹೋಗಬೇಕು ಎಂಬ ಸೆಟ್ಟಿಂಗ್ ಹೆಚ್ಚಿನ ಸ್ವಿಚ್‌ಗಳಲ್ಲಿದೆ. ಅದನ್ನು ಖಾಲಿ ಬಿಡಬೇಡಿ.

ಸ್ವಿಚ್‌ಗಳ ಒಳಗೆ ಹೋಗಿ ಸಂರಚನೆ ಬದಲಿಸುವ ಆಡಳಿತಗಾರರ ಲಾಗಿನ್ ಕೂಡ ಡೈರೆಕ್ಟರಿಯ ಗುಂಪಿನಿಂದಲೇ ಬರಲಿ. ಆದರೆ ಪ್ರತಿ ಸ್ವಿಚ್‌ನಲ್ಲೂ ಒಂದು ಸ್ಥಳೀಯ ತುರ್ತು ಖಾತೆ ಇಟ್ಟು, ಅದರ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ಬೀಗದ ಪೆಟ್ಟಿಗೆಯಲ್ಲಿಡಿ. ಜಾಲವೇ ಬಿದ್ದಾಗ ಡೈರೆಕ್ಟರಿಯನ್ನು ಕೇಳುವುದು ಹೇಗೆ?

ಹಂತ 9: ಎರಡನೆಯ ಕಟ್ಟಡ

ಯಾವ ಐಪಿ ಸಾಲು ಯಾವ ಕಟ್ಟಡದ್ದು ಎಂಬುದನ್ನು ಡೈರೆಕ್ಟರಿಗೆ ಹೇಳಿಕೊಡಬೇಕು. ಅದಕ್ಕೆ ಸೈಟ್ ಮತ್ತು ಸಬ್‌ನೆಟ್ ಎನ್ನುತ್ತಾರೆ. ಹೇಳದಿದ್ದರೆ ಪಕ್ಕದಲ್ಲೇ ಕಂಟ್ರೋಲರ್ ಇದ್ದರೂ ಯಂತ್ರ ದೂರದ್ದನ್ನು ಹುಡುಕಿಕೊಂಡು ಹೋಗಿ, ಬೆಳಗಿನ ಲಾಗಿನ್‌ಗೆ ಯುಗ ಹಿಡಿಯುತ್ತದೆ. ಸೈಟ್‌ಗಳ ನಡುವಿನ ರೆಪ್ಲಿಕೇಷನ್ ಮೂಲದಲ್ಲಿ 180 ನಿಮಿಷಕ್ಕೊಮ್ಮೆ ನಡೆಯುತ್ತದೆ. ವೇಗದ ಸಂಪರ್ಕವಿದ್ದರೆ ಅದನ್ನು 15ಕ್ಕೆ ಇಳಿಸಿ, ಅದಕ್ಕಿಂತ ಕೆಳಗೆ ಹೋಗಲು ಬಿಡುವುದಿಲ್ಲ. ಬೀಗ ಹಾಕಿದ ಕೋಣೆ ಇಲ್ಲದ ಕಟ್ಟಡಕ್ಕೆ ಓದಲು ಮಾತ್ರ ಬರುವ ಕಂಟ್ರೋಲರ್ ಕೊಡಿ.

ಹಂತ 10: ಬೀಗಗಳು

ಡೊಮೇನ್ ಆಡಳಿತಗಾರರ ಗುಂಪಿನಲ್ಲಿ ಇಬ್ಬರೋ ಮೂವರೋ ಇದ್ದರೆ ಸಾಕು. ಆ ಖಾತೆಯಿಂದ ಮಿಂಚಂಚೆ ಓದುವುದು, ಬಳಕೆದಾರರ ಲ್ಯಾಪ್‌ಟಾಪ್‌ಗೆ ಲಾಗಿನ್ ಆಗುವುದು ಬೇಡವೇ ಬೇಡ. ಅಲ್ಲಿ ಬಿಟ್ಟುಹೋದ ಗುರುತನ್ನು ಕದ್ದರೆ ಇಡೀ ಜಾಲವೇ ಕೈತಪ್ಪುತ್ತದೆ. ಪ್ರತಿ ಯಂತ್ರದ ಸ್ಥಳೀಯ ಆಡಳಿತ ಪಾಸ್‌ವರ್ಡ್ ಬೇರೆ ಬೇರೆಯಾಗಿರಲು ಲ್ಯಾಪ್ಸ್ ಎಂಬ ಸೌಲಭ್ಯವಿದೆ. 2023ರ ಏಪ್ರಿಲ್‌ನಿಂದ ಅದು ವಿಂಡೋಸ್‌ನ ಒಳಗೇ ಬಂದಿದೆ. ಎಲ್‌ಡಿಎಪಿ ಸಂಪರ್ಕಗಳಿಗೆ ಸಹಿ ಕಡ್ಡಾಯ ಮಾಡಿ, ಪಾಸ್‌ವರ್ಡನ್ನು ಬಯಲಲ್ಲಿ ಕಳಿಸುವ ಹಳೆಯ ಸಾಧನಗಳನ್ನು ಪತ್ತೆಹಚ್ಚಿ 636ಕ್ಕೆ ದಾಟಿಸಿ. ಪತ್ರಗಳನ್ನು ಸ್ಕ್ಯಾನ್ ಮಾಡಿ ಕಳಿಸುವ ಮುದ್ರಕಗಳು ಇಲ್ಲಿ ಹಳೆಯ ಅಪರಾಧಿಗಳು. ಸೇವಾ ಖಾತೆಯೊಂದಕ್ಕೆ ‘ಕೆಲಸ ಆಗಲಿ’ ಎಂದು ಪೂರ್ಣ ಅಧಿಕಾರ ಕೊಡುವ ಆಸೆಯನ್ನು ತಡೆದುಕೊಳ್ಳಿ. ರೇಡಿಯಸ್‌ಗೆ ಡೈರೆಕ್ಟರಿಯನ್ನು ಓದುವ ಹಕ್ಕು ಸಾಕು.

ಹಂತ 11: ಮರಳಿ ಎಬ್ಬಿಸುವುದು

ವರ್ಚುವಲ್ ಯಂತ್ರದ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪಡಿಯಚ್ಚು) ಬ್ಯಾಕಪ್ ಅಲ್ಲ. ಕಂಟ್ರೋಲರ್‌ನ ಸಿಸ್ಟಂ ಸ್ಟೇಟನ್ನು (ಡೈರೆಕ್ಟರಿಯೂ ಸೇರಿದ ವ್ಯವಸ್ಥೆಯ ಬ್ಯಾಕಪ್ಪನ್ನು) ಪ್ರತಿದಿನ ತೆಗೆದು, ಒಂದು ಪ್ರತಿಯನ್ನು ಡೊಮೇನಿಗೆ ಸೇರದ ಜಾಗದಲ್ಲಿಡಿ. ಅಳಿಸಿದ ನಮೂದಿನ ಗೋರಿಗಲ್ಲು, ಅಂದರೆ ಅದು ಅಳಿದಿದೆ ಎಂಬ ಗುರುತು, ಸಾಮಾನ್ಯವಾಗಿ 180 ದಿನ ಉಳಿಯುತ್ತದೆ. ಅದಕ್ಕಿಂತ ಹಳೆಯ ಬ್ಯಾಕಪ್‌ನಿಂದ ಕಂಟ್ರೋಲರ್ ಎಬ್ಬಿಸುವಂತಿಲ್ಲ. ಆಕ್ಟಿವ್ ಡೈರೆಕ್ಟರಿಯಲ್ಲಿ ಕಸದ ಬುಟ್ಟಿಯೂ ಇದೆ, ಆದರೆ ಅದನ್ನು ನೀವೇ ತೆರೆದಿಡಬೇಕು. ಯಾರೋ ಒಂದು ಕೊಂಬೆಯನ್ನೇ ಅಳಿಸಿದ ಮೇಲೆ ತೆರೆದರೆ ಪ್ರಯೋಜನವಿಲ್ಲ.

ಹಂತ 12: ಬಿಟ್ಟುಹೋದವರು

ಸೇರುವವರ ಖಾತೆ ತಡವಾದರೆ ಅವರೇ ಬಂದು ಕೇಳುತ್ತಾರೆ. ಬಿಟ್ಟುಹೋದವರ ಖಾತೆ ಉಳಿದುಬಿಟ್ಟರೆ ಯಾರೂ ಕೇಳುವುದಿಲ್ಲ. ಸಿಬ್ಬಂದಿ ವಿಭಾಗದ ಪಟ್ಟಿಯನ್ನು ರಾತ್ರಿಗೊಮ್ಮೆ ಡೈರೆಕ್ಟರಿಯೊಡನೆ ಹೋಲಿಸಿ, ಹೆಸರು ಇಲ್ಲದವರ ಖಾತೆಯನ್ನು ಸ್ಥಗಿತಗೊಳಿಸಿ. ಅಳಿಸುವುದು ಬೇಡ, ಕೆಲವು ತಿಂಗಳು ಪ್ರತ್ಯೇಕ ಕೊಂಬೆಯಲ್ಲಿಟ್ಟು ನೋಡಿ. ಹೋಲಿಕೆಗೆ ಹೆಸರನ್ನು ಬಳಸಬೇಡಿ, ಸಿಬ್ಬಂದಿ ಸಂಖ್ಯೆಯನ್ನು ಬಳಸಿ. ಒಂದೇ ಹೆಸರಿನ ಇಬ್ಬರು ಎಲ್ಲ ಕಡೆಯೂ ಇರುತ್ತಾರೆ. ತಿಂಗಳುಗಟ್ಟಲೆ ಬಳಸದ ಖಾತೆಗಳನ್ನು ಹುಡುಕುವಾಗ ಕೊನೆಯ ಲಾಗಿನ್‌ನ ಸಮಯಮುದ್ರೆಯನ್ನು ದಿನದ ಲೆಕ್ಕಕ್ಕೆ ನಂಬಬೇಡಿ. ಅದು ಎರಡು ವಾರದವರೆಗೆ ಹಿಂದೆ ಬಿದ್ದಿರಬಹುದು. 90 ದಿನದ ಗೆರೆ ಹಾಕಿದರೆ ಸುರಕ್ಷಿತ.

ಇಲ್ಲಿ ಒಂದು ಸೂಕ್ಷ್ಮವಿದೆ. ಖಾತೆ ಸ್ಥಗಿತಗೊಳಿಸಿದ ಕೂಡಲೇ ಆ ವ್ಯಕ್ತಿ ಹೊರಬೀಳುತ್ತಾರೆಂದು ಎಲ್ಲರೂ ತಿಳಿದಿರುತ್ತಾರೆ. ನಿಜ ಹಾಗಲ್ಲ. ಕರ್ಬರಸ್ ಟಿಕೆಟ್ ಒಮ್ಮೆ ಕೈಗೆ ಬಂದರೆ ಸಾಮಾನ್ಯವಾಗಿ 10 ಗಂಟೆ ಬಾಳುತ್ತದೆ. ಈಗಾಗಲೇ ತೆರೆದ ಸೇವೆ ಆ ಟಿಕೆಟನ್ನೇ ನಂಬಿ ಮುಂದುವರಿಯಬಹುದು. ಸ್ವಿಚ್‌ನ ಪೋರ್ಟ್ ಕೂಡ ಒಮ್ಮೆ ತೆರೆದ ಮೇಲೆ ಮರು ದೃಢೀಕರಣದ ಹೊತ್ತು ಬರುವವರೆಗೆ ತೆರೆದೇ ಇರುತ್ತದೆ. ಪೋರ್ಟನ್ನು ತಕ್ಷಣ ಮುಚ್ಚಿಸಲು ರೇಡಿಯಸ್ ಕಡೆಯಿಂದಲೇ ಸ್ವಿಚ್‌ಗೆ ಆದೇಶ ಕಳಿಸುವ ಏರ್ಪಾಡು ಇದೆ. ಮಾನದಂಡದ ಪ್ರಕಾರ ಅದರ ಪೋರ್ಟ್ ಸಂಖ್ಯೆ 3799. ಸ್ಥಗಿತಗೊಳಿಸುವ ಸ್ಕ್ರಿಪ್ಟ್ ಆ ಆದೇಶವನ್ನೂ ಕಳಿಸುವಂತೆ ಜೋಡಿಸಿ.

ಜೋಡಿಸಿದ ಮೇಲೆ ಹೀಗೆ ಮಾಡಿ. ಪರೀಕ್ಷೆಗೆಂದೇ ಒಂದು ಖಾತೆ ತೆರೆದು, ಅದರ ಹೆಸರಿಗೆ ಪ್ರಮಾಣಪತ್ರ ಕೊಟ್ಟು, ಒಂದು ಲ್ಯಾಪ್‌ಟಾಪ್‌ನಿಂದ ಜಾಲಕ್ಕೆ ಬನ್ನಿ. ಒಂದು ಪಿಂಗ್ (ಇನ್ನೊಂದು ಯಂತ್ರ ಉತ್ತರಿಸುತ್ತಿದೆಯೇ ಎಂದು ಮತ್ತೆ ಮತ್ತೆ ಕೇಳುವ ಆದೇಶ) ಓಡಲು ಬಿಡಿ, ಒಂದು ಹಂಚಿದ ಫೋಲ್ಡರನ್ನೂ ತೆರೆದಿಡಿ. ಪಕ್ಕದ ಯಂತ್ರದಿಂದ ಆ ಖಾತೆಯನ್ನು ಸ್ಥಗಿತಗೊಳಿಸಿ, ಕೈಯಲ್ಲಿ ಗಡಿಯಾರ ಹಿಡಿದು ಕೂರಿ. ಪಿಂಗ್ ನಿಂತದ್ದು ಎಷ್ಟನೆಯ ನಿಮಿಷಕ್ಕೆ, ಫೋಲ್ಡರ್ ಮುಚ್ಚಿಕೊಂಡದ್ದು ಎಷ್ಟಕ್ಕೆ ಎಂದು ಬರೆದುಕೊಳ್ಳಿ. ನಾನು ಮೊದಲ ಸಲ ಹೀಗೆ ಕೂತಾಗ ಚಹಾ ಕುಡಿದೆ, ಊಟ ಮುಗಿಸಿ ಬಂದೆ, ಪಿಂಗ್ ಇನ್ನೂ ಓಡುತ್ತಲೇ ಇತ್ತು.